ತ್ರೀಡಿ ವಿಮಾನ ನಿಲ್ದಾಣದಲ್ಲಿ ಮಳೆಯೇ ಬರುವುದಿಲ್ಲ

ಇಂಜಿನಿಯರಿಂಗ್ ಮುಗಿಸಿದ ಮೇಲೆ ನಾನು ಮೊದಲು ಸೇರಿದ್ದು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ವಿಮಾನ ನಿಲ್ದಾಣಗಳ ಸಿಮ್ಯುಲೇಷನ್ ಫಲಿತಾಂಶವನ್ನು ತ್ರೀಡಿ ವಿಡಿಯೋ ಮಾಡಿಕೊಡುವುದು ಅದರ ಕೆಲಸ. ಲೆಕ್ಕದ ತಂಡ ಬೇರೆ ಇತ್ತು, ಬಣ್ಣದ ತಂಡ ಬೇರೆ. ನಾನು ಬಣ್ಣದ ತಂಡದವನು. ಒಂದು ದಿನ ಲೆಕ್ಕದ ತಂಡದಿಂದ ಬಂದ ಫೈಲನ್ನು ತೆರೆದು ವಿಡಿಯೋ ಓಡಿಸಿದೆ. ಬೆಳಗಿನ ಏಳೂವರೆಗೆ ರನ್‌ವೇ ತುದಿಯಲ್ಲಿ ಹದಿನಾಲ್ಕು ವಿಮಾನಗಳು ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು, ಸಿಗ್ನಲ್‌ನಲ್ಲಿ ನಿಂತ ಬಿಎಂಟಿಸಿ ಬಸ್ಸುಗಳ ಹಾಗೆ. ಮ್ಯಾನೇಜರ್ ಬಂದು ನೋಡಿದರು. 'ನಾಳೆ ಕ್ಲೈಂಟ್ ಡೆಮೋ ಇದೆ. ಕ್ಯಾಮೆರಾ ಆ ಕಡೆ ಹೋಗೋದೇ ಬೇಡ. ಟರ್ಮಿನಲ್ ಮೇಲಿಂದ ಒಂದು ರೌಂಡ್ ಹಾಕಿಸಿ, ಸೂರ್ಯೋದಯ ಕೊಡಿ, ಸಾಕು' ಅಂದರು.

ಕೊಟ್ಟೆ. ಒಳ್ಳೆಯ ಸೂರ್ಯೋದಯವೇ ಆಗಿತ್ತು.

ನಾನು ಯಾವ ಅಂಕಿಯನ್ನೂ ತಿದ್ದಲಿಲ್ಲ, ವರದಿಯಲ್ಲಿ ಒಂದಕ್ಷರ ಸುಳ್ಳು ಬರೆಯಲಿಲ್ಲ. ಕ್ಯಾಮೆರಾ ತಿರುಗಿಸಿದೆ, ಅಷ್ಟೇ. ಆದರೆ ಆ ಸಭೆಯಲ್ಲಿ ಕೂತವರಲ್ಲಿ ವರದಿಯ ಇನ್ನೂರನೇ ಪುಟದ ಕೋಷ್ಟಕ ಓದಿದವರು ಎಷ್ಟು ಜನ, ವಿಡಿಯೋ ನೋಡಿ ತಲೆಯಾಡಿಸಿದವರು ಎಷ್ಟು ಜನ ಎಂದು ಕೇಳಿದರೆ ಉತ್ತರ ನಿಮಗೇ ಗೊತ್ತು.

ಈಗ ಈ ಕಥೆ ಯಾಕೆ ಅಂದರೆ, ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಚರ್ಚೆ ಶುರುವಾಗಿ ಬಹಳ ದಿನವಾಯಿತು. ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಒಂದು, ಹೀಗೆ ಮೂರು ಜಾಗಗಳನ್ನು ರಾಜ್ಯ ಸರ್ಕಾರ ಗುರುತಿಸಿತು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡೂ ಹೋಯಿತು. ಇಂಥ ಯೋಜನೆಗಳಲ್ಲಿ ಜನರ ಮುಂದೆ ಮೊದಲು ಬರುವುದು ತ್ರೀಡಿ ವಿಡಿಯೋ. ಗಾಜಿನ ಛಾವಣಿ, ಒಳಗೆ ತೋಟ, ನಗುಮುಖದ ಪ್ರಯಾಣಿಕರು, ನಿಮಿಷಕ್ಕೊಂದು ವಿಮಾನ. ಅದು ಬರುವ ಮೊದಲೇ, ಅದನ್ನು ನೋಡುವುದು ಹೇಗೆ ಎಂದು ಮಾತಾಡಿಕೊಂಡರೆ ಒಳ್ಳೆಯದು.

ಚಿತ್ರ ಬೇರೆ, ಲೆಕ್ಕ ಬೇರೆ

ನಾವು 'ಸಿಮ್ಯುಲೇಷನ್ ತೋರಿಸಿದರು' ಅನ್ನುವಾಗ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿರುತ್ತೇವೆ. ಮೊದಲನೆಯದು ಲೆಕ್ಕ. ಅದರೊಳಗೆ ವಿಮಾನ ನಿಲ್ದಾಣ ಅಂದರೆ ಬರೀ ಚುಕ್ಕೆ ಮತ್ತು ಗೆರೆ. ಗೇಟು ಒಂದು ಚುಕ್ಕೆ, ಟ್ಯಾಕ್ಸಿವೇ ಒಂದು ಗೆರೆ, ರನ್‌ವೇ ಇನ್ನೊಂದು ಗೆರೆ. ಪ್ರತಿ ವಿಮಾನಕ್ಕೂ ಒಂದು ವೇಳಾಪಟ್ಟಿ, ಒಂದು ವೇಗ, ಮುಂದಿನ ವಿಮಾನದಿಂದ ಇಷ್ಟು ದೂರ ಇರಬೇಕೆಂಬ ನಿಯಮ. ಒಂದಿಷ್ಟು ಅದೃಷ್ಟದಾಟವನ್ನೂ ಸೇರಿಸುತ್ತಾರೆ: ಯಾವುದೋ ವಿಮಾನ ಹತ್ತು ನಿಮಿಷ ತಡ, ಯಾವುದೋ ಲಗೇಜು ಬರಲಿಲ್ಲ. ಹೀಗೆ ಒಂದೇ ದಿನವನ್ನು ನೂರಾರು ಸಲ ಓಡಿಸಿ ಸರಾಸರಿ ಎಷ್ಟು, ಕೆಟ್ಟ ದಿನ ಎಷ್ಟು ಎಂದು ನೋಡುತ್ತಾರೆ. ಟಾಮ್, ಸಿಮ್‌ಮಾಡ್, ಏರ್‌ಟಾಪ್ ಮುಂತಾದ ತಂತ್ರಾಂಶಗಳು ಮಾಡುವುದು ಮುಖ್ಯವಾಗಿ ಇದನ್ನೇ.

ಎರಡನೆಯದು ಆ ಚುಕ್ಕೆ ಗೆರೆಗಳಿಗೆ ಹೊದಿಸುವ ಚರ್ಮ. ಚುಕ್ಕೆ ಇದ್ದಲ್ಲಿ ಏರ್‌ಬಸ್ ಬರುತ್ತದೆ, ಗೆರೆ ಇದ್ದಲ್ಲಿ ಡಾಂಬರು. ಇದು ನಿರುಪಯೋಗಿ ಅಂತ ನಾನು ಹೇಳುತ್ತಿಲ್ಲ, ಅದರ ಉಪಯೋಗಕ್ಕೆ ಆಮೇಲೆ ಬರುತ್ತೇನೆ. ಆದರೆ ಚರ್ಮ ಎಷ್ಟೇ ನಯವಾಗಿದ್ದರೂ ಒಳಗಿನ ಮೂಳೆ ಸರಿಯಿದೆ ಎಂಬುದಕ್ಕೆ ಅದು ಪುರಾವೆಯಲ್ಲ. ಲೆಕ್ಕವೇ ಇಲ್ಲದೆ ಬರೀ ಚರ್ಮ ತಯಾರಿಸುವುದೂ ಸುಲಭ. ಸಭೆಗಳಲ್ಲಿ ಓಡುವ ಎಷ್ಟೋ ವಿಡಿಯೋಗಳಲ್ಲಿ ವಿಮಾನಗಳನ್ನು ಚಲಿಸುತ್ತಿರುವುದು ಯಾವ ಸಿಮ್ಯುಲೇಷನ್ನೂ ಅಲ್ಲ, ನನ್ನಂಥ ಒಬ್ಬ ಹುಡುಗನ ಮೌಸ್.

77 ಸೆಕೆಂಡ್ ಮತ್ತು 129 ಸೆಕೆಂಡ್

ಲೆಕ್ಕ ಯಾಕೆ ಮುಖ್ಯ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ನೋಡಿ. ಇಳಿಯುತ್ತಿರುವ ವಿಮಾನದ ವೇಗ ಗಂಟೆಗೆ 140 ನಾಟಿಕಲ್ ಮೈಲಿ, ಅಂದರೆ ಸುಮಾರು 260 ಕಿಲೋಮೀಟರ್ ಅಂದುಕೊಳ್ಳಿ. ಮಧ್ಯಮ ಗಾತ್ರದ ವಿಮಾನದ ಹಿಂದೆ ಇನ್ನೊಂದು ಮಧ್ಯಮ ಗಾತ್ರದ ವಿಮಾನ ಬರುವಾಗ ರೇಡಾರ್ ನೆರವಿನಲ್ಲಿ ಸಾಮಾನ್ಯವಾಗಿ 3 ನಾಟಿಕಲ್ ಮೈಲಿ ಅಂತರ ಸಾಕು. ಆ ದೂರ ಕ್ರಮಿಸಲು 77 ಸೆಕೆಂಡ್. ಆದರೆ ಮುಂದಿರುವುದು ಬೋಯಿಂಗ್ 777ನಂಥ ಭಾರೀ ವಿಮಾನವಾದರೆ ಅದರ ರೆಕ್ಕೆಯಿಂದ ಏಳುವ ಸುಳಿಗಾಳಿಯ ಕಾರಣಕ್ಕೆ 5 ಮೈಲಿ ಬೇಕು. ಅದಕ್ಕೆ 129 ಸೆಕೆಂಡ್.

ಎಲ್ಲ ಜೋಡಿಗಳೂ ಮೊದಲ ಬಗೆಯವಾದರೆ ಒಂದು ರನ್‌ವೇಯಲ್ಲಿ ಗಂಟೆಗೆ 46 ವಿಮಾನ ಇಳಿಸಬಹುದು. ಎಲ್ಲವೂ ಎರಡನೇ ಬಗೆಯವಾದರೆ 28. ರನ್‌ವೇ ಅದೇ, ಆಕಾಶ ಅದೇ. ವಾಸ್ತವ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಎಲ್ಲಿ ಎಂಬುದನ್ನು ತೀರ್ಮಾನಿಸುವುದು ಯಾವ ಗಾತ್ರದ ವಿಮಾನಗಳು ಯಾವ ಸರದಿಯಲ್ಲಿ ಬರುತ್ತವೆ ಎಂದು ನೀವು ಊಹಿಸಿಕೊಂಡ ಪಟ್ಟಿ. ಆ ಪಟ್ಟಿಯಲ್ಲಿ ನಾಲ್ಕು ಸಾಲು ಬದಲಾಯಿಸಿದರೆ 'ಈಗಿರುವ ರನ್‌ವೇ 2035ರವರೆಗೆ ಸಾಕು' ಅಂತಲೂ ಬರೆಯಬಹುದು, '2030ಕ್ಕೇ ತುಂಬಿಹೋಗುತ್ತದೆ' ಅಂತಲೂ ಬರೆಯಬಹುದು. ವಿಡಿಯೋ ಎರಡಕ್ಕೂ ಒಂದೇ ರೀತಿ ಕಾಣುತ್ತದೆ.

ಇನ್ನೊಂದು ಲೆಕ್ಕ ಕ್ಯೂ ಸಿದ್ಧಾಂತದ್ದು. ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟ ಅತ್ಯಂತ ಸರಳ ಮಾದರಿ. ಒಂದು ಕೌಂಟರು ಅದರ ಸಾಮರ್ಥ್ಯದ ಶೇ. 80ರಷ್ಟು ಬಳಕೆಯಾಗುತ್ತಿದ್ದರೆ ಅಲ್ಲಿ ಸರಾಸರಿ 4 ಜನ ಇರುತ್ತಾರೆ. ಶೇ. 90 ಆದರೆ 9 ಜನ. ಶೇ. 95 ಆದರೆ 19 ಜನ. ನಿಜವಾದ ರನ್‌ವೇ ಇಷ್ಟು ಸರಳವಲ್ಲ, ಆದರೆ ಗ್ರಾಫಿನ ಆಕಾರ ಇದೇ. ಕೊನೆಯ ಹತ್ತು ಶೇಕಡಾದಲ್ಲಿ ಎಲ್ಲ ಹಾಳಾಗುತ್ತದೆ. ಬೇಡಿಕೆಯನ್ನು ಶೇ. 5ರಷ್ಟು ಕಡಿಮೆ ಊಹಿಸಿದರೆ ಕಾಯುವಿಕೆ ಶೇ. 5ರಷ್ಟು ತಪ್ಪುವುದಿಲ್ಲ, ದುಪ್ಪಟ್ಟು ತಪ್ಪುತ್ತದೆ. ನಾನು ಕ್ಯಾಮೆರಾ ತಿರುಗಿಸಿ ಮರೆಮಾಡಿದ ಆ ಹದಿನಾಲ್ಕು ವಿಮಾನಗಳು ಹುಟ್ಟಿದ್ದು ಇಂಥ ಕೊನೆಯ ಶೇಕಡಾದಲ್ಲೇ.

ಮೂರನೇ ಆಯಾಮ ಇಲ್ಲದಿದ್ದಾಗ

ಹಾಗಾದರೆ ತ್ರೀಡಿ ಬರೀ ಶೋಕಿಯಾ? ಖಂಡಿತ ಅಲ್ಲ. 1996ರ ನವೆಂಬರ್ 12ರ ಸಂಜೆ ದೆಹಲಿ ಹತ್ತಿರದ ಚರ್ಖಿ ದಾದ್ರಿಯ ಆಕಾಶದಲ್ಲಿ ಸೌದಿ ಮತ್ತು ಕಜಕಿಸ್ತಾನದ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಕಜಕ್ ವಿಮಾನ 15 ಸಾವಿರ ಅಡಿಯಲ್ಲಿ ಇರಬೇಕಿತ್ತು, ಅದಕ್ಕಿಂತ ಕೆಳಗೆ ಇಳಿದಿತ್ತು. ಆಗ ದೆಹಲಿಯ ಕಂಟ್ರೋಲರ್ ಮುಂದಿದ್ದ ರೇಡಾರ್ ಪರದೆ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಎತ್ತರವನ್ನು ಪೈಲಟ್ ಬಾಯಲ್ಲಿ ಹೇಳಿದಂತೆ ನಂಬಬೇಕಿತ್ತು. ಪರದೆಯ ಮೇಲೆ ಎರಡು ಚುಕ್ಕೆ ಒಂದರ ಮೇಲೊಂದು ಬಂದರೆ ಅದು ಸುರಕ್ಷಿತವಾಗಿ ದಾಟುವುದೂ ಆಗಿರಬಹುದು, ಸಾವೂ ಆಗಿರಬಹುದು. ಮೂರನೇ ಆಯಾಮ ಅಂದರೆ ಏನು ಎಂದು ನಮ್ಮ ದೇಶ ಕಲಿತದ್ದು ಹಾಗೆ.

ಆದರೆ ಇಲ್ಲೊಂದು ಸ್ವಾರಸ್ಯವಿದೆ. ಇವತ್ತಿಗೂ ರೇಡಾರ್ ಕಂಟ್ರೋಲರ್ ಪರದೆ ಸಿನಿಮಾದ ಥರ ತ್ರೀಡಿ ಅಲ್ಲ. ಅದೇ ಚಪ್ಪಟೆ ನಕ್ಷೆ, ಪ್ರತಿ ಚುಕ್ಕೆಯ ಪಕ್ಕ ಎತ್ತರ ಬರೆದ ಒಂದು ಅಂಕಿ. ಯಾಕೆಂದರೆ ಓರೆಯಾಗಿ ತೋರಿಸಿದ ತ್ರೀಡಿ ಚಿತ್ರದಲ್ಲಿ ಯಾವುದು ಹತ್ತಿರ, ಯಾವುದು ದೂರ ಎಂದು ಕರಾರುವಾಕ್ಕಾಗಿ ಅಳೆಯುವುದು ಮನುಷ್ಯನ ಕಣ್ಣಿಗೆ ಕಷ್ಟ. ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡುವವರು ಚಂದದ ಚಿತ್ರಕ್ಕಿಂತ ನಿಖರವಾದ ಅಂಕಿಯನ್ನೇ ನೆಚ್ಚಿಕೊಂಡಿದ್ದಾರೆ. ಈ ಮಾತು ನೆನಪಿರಲಿ.

ತ್ರೀಡಿ ನಿಜವಾಗಿ ಕೆಲಸಕ್ಕೆ ಬರುವುದು ಟವರ್‌ನಲ್ಲಿ ನಿಂತು ಕಿಟಕಿಯಾಚೆ ಕಣ್ಣಿಂದ ನೋಡಿ ನಿರ್ಧರಿಸುವ ಕೆಲಸದಲ್ಲಿ. ಅಮೆರಿಕದ ನಾಸಾ ಕ್ಯಾಲಿಫೋರ್ನಿಯಾದ ಏಮ್ಸ್ ಕೇಂದ್ರದಲ್ಲಿ 1999ರಲ್ಲಿ ಫ್ಯೂಚರ್‌ಫ್ಲೈಟ್ ಸೆಂಟ್ರಲ್ ಎಂಬ ನಕಲಿ ಟವರ್ ಕಟ್ಟಿತು. ಸುತ್ತ 12 ದೊಡ್ಡ ಪರದೆಗಳು, 360 ಡಿಗ್ರಿ ನೋಟ. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ವಿಮಾನಗಳು ತಪ್ಪಿ ರನ್‌ವೇಗೆ ನುಗ್ಗುವ ಪ್ರಕರಣಗಳು ಹೆಚ್ಚಿದ್ದವು. 2001ರಲ್ಲಿ ಅಲ್ಲಿನ ಕಂಟ್ರೋಲರ್‌ಗಳನ್ನೇ ಈ ನಕಲಿ ಟವರ್‌ಗೆ ಕರೆಸಿ, ಅವರ ಊರಿನದೇ ದೃಶ್ಯ ತೋರಿಸಿ, ಬೇರೆ ಬೇರೆ ಪರಿಹಾರಗಳನ್ನು ಅವರ ಕೈಯಲ್ಲೇ ಆಡಿಸಿ ನೋಡಿದರು. ನಂತರದ ವರ್ಷಗಳಲ್ಲಿ ಅಲ್ಲಿನ ದಕ್ಷಿಣ ತುದಿಯ ರನ್‌ವೇಯನ್ನೇ 55 ಅಡಿ ಆಚೆ ಸರಿಸಿ ಎರಡರ ನಡುವೆ ಹೊಸ ಟ್ಯಾಕ್ಸಿವೇ ಮಾಡಲಾಯಿತು. ಕಾಂಕ್ರೀಟ್ ಸುರಿಯುವ ಮೊದಲು ಮನುಷ್ಯರನ್ನು ಕೂರಿಸಿ ಪರೀಕ್ಷೆ ಮಾಡುವುದು ಅಂದರೆ ಇದು.

ನಮ್ಮೂರಲ್ಲೇ ಆದದ್ದು

'ಮನುಷ್ಯರನ್ನು ಕೂರಿಸಿ' ಎಂಬುದರ ಮಹತ್ವಕ್ಕೆ ಉದಾಹರಣೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ. 2022ರ ಜನವರಿಯ ಒಂದು ಬೆಳಿಗ್ಗೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಉತ್ತರದ ರನ್‌ವೇ ಏರುವುದಕ್ಕೆ, ದಕ್ಷಿಣದ್ದು ಇಳಿಯುವುದಕ್ಕೆ ಎಂದು ನಡೆಯುತ್ತಿತ್ತು. ನಡುವೆ, ಉತ್ತರದ ರನ್‌ವೇ ಒಂದನ್ನೇ ಎರಡಕ್ಕೂ ಬಳಸೋಣ ಎಂದು ತೀರ್ಮಾನವಾಯಿತು. ಅದು ದಕ್ಷಿಣದ ಟವರ್ ಕಂಟ್ರೋಲರ್‌ಗೆ ತಲುಪಲಿಲ್ಲ. ಇಬ್ಬರೂ ಒಂದೊಂದು ಇಂಡಿಗೊ ವಿಮಾನಕ್ಕೆ ಏರಲು ಅನುಮತಿ ಕೊಟ್ಟರು. ಕೋಲ್ಕತ್ತಕ್ಕೆ ಒಂದು, ಭುವನೇಶ್ವರಕ್ಕೆ ಇನ್ನೊಂದು. ಒಂದೇ ದಿಕ್ಕಿಗೆ ಹಾರಿದ ಎರಡೂ ವಿಮಾನಗಳು ಆಕಾಶದಲ್ಲಿ ಒಂದರ ಕಡೆಗೆ ಒಂದು ವಾಲುತ್ತಿದ್ದವು. ರೇಡಾರ್ ಕಂಟ್ರೋಲರ್ ನೋಡಿ ತಕ್ಷಣ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಎರಡೂ ವಿಮಾನ ಸೇರಿ 426 ಜನ ಇದ್ದರು.

ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಈ ಘಟನೆ ನಡೆಯಲು ಸಾಧ್ಯವೇ? ಸಾವಿರ ಸಲ ಓಡಿಸಿದರೂ ಸಾಮಾನ್ಯವಾಗಿ ನಡೆಯುವುದಿಲ್ಲ. ಯಾಕೆಂದರೆ ಅಲ್ಲಿ ರನ್‌ವೇ ಬದಲಾದ ಕ್ಷಣವೇ ಆ ಸುದ್ದಿ ಎಲ್ಲ ಚುಕ್ಕೆಗಳಿಗೂ ಗೊತ್ತಾಗಿಬಿಡುತ್ತದೆ. ಪಕ್ಕದ ಮೇಜಿನವರಿಗೆ ಹೇಳಲು ಮರೆಯುವ ಮನುಷ್ಯ ಆ ಲೆಕ್ಕದಲ್ಲಿ ಇಲ್ಲ. ಆದ್ದರಿಂದ 'ಎರಡು ರನ್‌ವೇಯಲ್ಲಿ ಗಂಟೆಗೆ ಇಷ್ಟು' ಎಂಬ ಅಂಕಿ ಬಂದಾಗ, ಅದು ಮರೆವೇ ಇಲ್ಲದ ಲೋಕದ ಅಂಕಿಯೋ ಅಥವಾ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ನಿದ್ದೆಗಣ್ಣಿನಲ್ಲಿ ಕೂತ ಮನುಷ್ಯರ ಲೋಕದ ಅಂಕಿಯೋ ಎಂದು ಕೇಳಲೇಬೇಕು.

ಮಿರಾಬೆಲ್ ಎಂಬ ಪಾಠ

ಇನ್ನು ಜಮೀನಿನ ವಿಷಯ. 1969ರಲ್ಲಿ ಕೆನಡಾ ಸರ್ಕಾರ ಮಾಂಟ್ರಿಯಲ್‌ಗೆ ಹೊಸ ವಿಮಾನ ನಿಲ್ದಾಣ ಬೇಕು ಎಂದು ಮಿರಾಬೆಲ್ ಸುತ್ತ ಸುಮಾರು 97 ಸಾವಿರ ಎಕರೆ ಸ್ವಾಧೀನ ಮಾಡಿಕೊಂಡಿತು. ಹೆಚ್ಚಿನದು ಕೃಷಿ ಭೂಮಿ. 1975ರಲ್ಲಿ ನಿಲ್ದಾಣ ಶುರುವಾಯಿತು. ಆದರೆ ಹಳೆಯ ಡೋರ್ವಲ್ ನಿಲ್ದಾಣ ಮುಚ್ಚಲಿಲ್ಲ, ನಗರದಿಂದ ವೇಗದ ರೈಲು ಬರಲಿಲ್ಲ. ವಿಮಾನಗಳು ಇನ್ನೂ ದೂರ ಹಾರಬಲ್ಲವಾದ್ದರಿಂದ ಮಾಂಟ್ರಿಯಲ್‌ನಲ್ಲಿ ಇಳಿಯುವ ಅಗತ್ಯವೇ ಕಡಿಮೆಯಾಯಿತು. ವ್ಯಾಪಾರ ಟೊರಾಂಟೊ ಕಡೆ ಜಾರಿತು. 2004ರಲ್ಲಿ ಕೊನೆಯ ಪ್ರಯಾಣಿಕ ವಿಮಾನ ಹೊರಟಿತು. 2014ರಲ್ಲಿ ಟರ್ಮಿನಲ್ ಕಟ್ಟಡ ಕೆಡವಲು ಶುರುಮಾಡಿದರು. ತೆಗೆದುಕೊಂಡ ಜಮೀನಿನಲ್ಲಿ ಬಹುಪಾಲನ್ನು ರೈತರಿಗೆ ಹಿಂದಿರುಗಿಸಬೇಕಾಯಿತು. ಆ ಹೊತ್ತಿಗೆ ಒಂದು ತಲೆಮಾರೇ ಕಳೆದಿತ್ತು.

ಇಲ್ಲಿ ಸೋತದ್ದು ಇಂಜಿನಿಯರಿಂಗ್ ಅಲ್ಲ. ರನ್‌ವೇ ಚೆನ್ನಾಗಿಯೇ ಇತ್ತು, ಅಲ್ಲಿ ಈಗಲೂ ಸರಕು ವಿಮಾನಗಳು ಇಳಿಯುತ್ತವೆ. ಸೋತದ್ದು 'ಹಳೆಯದು ಮುಚ್ಚುತ್ತದೆ, ರೈಲು ಬರುತ್ತದೆ, ಜನ ಬಂದೇ ಬರುತ್ತಾರೆ' ಎಂಬ ಊಹೆ.

ನಮ್ಮಲ್ಲಿ ಈ ಊಹೆಗಳು ಸರಳವೇನಲ್ಲ. ಕೆಂಪೇಗೌಡ ನಿಲ್ದಾಣದ ಒಪ್ಪಂದದ ಪ್ರಕಾರ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣ 2033ರ ಮೇವರೆಗೆ ಬರುವಂತಿಲ್ಲ, ಮೈಸೂರು ಮತ್ತು ಹಾಸನಕ್ಕೆ ವಿನಾಯಿತಿ. ವರ್ಷಕ್ಕೆ ನಾಲ್ಕು ಕೋಟಿಗೂ ಹೆಚ್ಚು ಪ್ರಯಾಣಿಕರು ಬರುತ್ತಿರುವುದರಿಂದ ಎರಡನೆಯದು ಬೇಕು ಎಂಬ ವಾದದಲ್ಲಿ ಹುರುಳಿದೆ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಬೆಂಗಳೂರಿನ ಆಕಾಶ ಖಾಲಿ ಸೈಟಲ್ಲ. ಯಲಹಂಕದಲ್ಲಿ ವಾಯುಪಡೆ, ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಎಚ್‌ಎಎಲ್, ಜಕ್ಕೂರಿನಲ್ಲಿ ತರಬೇತಿ ಶಾಲೆ. ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಕೆಂಪೇಗೌಡ ನಿಲ್ದಾಣವನ್ನೇ ಗಂಟೆಗಟ್ಟಲೆ ಮುಚ್ಚುವುದು ನಮಗೆಲ್ಲ ಗೊತ್ತು. ಗಡಿಯಾಚೆ ಹೊಸೂರಿನಲ್ಲಿ ತಮಿಳುನಾಡು ತನ್ನದೊಂದು ನಿಲ್ದಾಣ ಮಾಡಲು ಹೊರಟಿದೆ. ಕನಕಪುರ ರಸ್ತೆಯ ಪಕ್ಕದಲ್ಲೇ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, ಗುಡ್ಡಗಳು. ಹೊಸ ನಿಲ್ದಾಣ ಒಂದನ್ನೇ ಒಂಟಿಯಾಗಿ ಕೂರಿಸಿ ಸಿಮ್ಯುಲೇಷನ್ ಮಾಡಿದರೆ ಅದು ಚೆನ್ನಾಗಿಯೇ ಓಡುತ್ತದೆ. ಇವೆಲ್ಲವನ್ನೂ ಒಟ್ಟಿಗೆ ಹಾಕಿ ಓಡಿಸಿದರೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ಕೇಳಬೇಕಾದ್ದು ಏನು

ವಿಮಾನ ನಿಲ್ದಾಣ ಯೋಜನೆಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಆ ಕನ್ನಡ ಸಾರಾಂಶದಲ್ಲಿ ನಾಲ್ಕು ಪುಟ ಸಿಮ್ಯುಲೇಷನ್‌ಗೆ ಮೀಸಲಿಡಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಮೊದಲನೆಯದು, ಊಹೆಗಳ ಪಟ್ಟಿ: ದಟ್ಟಣೆಯ ಗಂಟೆಯಲ್ಲಿ ಎಷ್ಟು ವಿಮಾನ, ಯಾವ ಗಾತ್ರದವು, ಯಾವ ವರ್ಷಕ್ಕೆ, ಯಾರು ಅಂದಾಜು ಮಾಡಿದ್ದು. ಎರಡನೆಯದು, ಕೆಟ್ಟ ದಿನದ ಫಲಿತಾಂಶ: ಡಿಸೆಂಬರ್ ಬೆಳಗಿನ ಮಂಜು, ಮೇ ತಿಂಗಳ ಸಂಜೆಯ ಗುಡುಗು ಮಳೆ, ಒಂದು ರನ್‌ವೇ ಬಂದ್. ಮೂರನೆಯದು, ಸುತ್ತಲಿನ ಎಲ್ಲ ನಿಲ್ದಾಣಗಳನ್ನೂ ಸೇರಿಸಿದ ವಾಯುಪ್ರದೇಶದ ಲೆಕ್ಕ. ನಾಲ್ಕನೆಯದು, ಕೆಲಸದಲ್ಲಿರುವ ಕಂಟ್ರೋಲರ್‌ಗಳನ್ನು ಕೂರಿಸಿ ಮಾಡಿದ ಪರೀಕ್ಷೆಯ ವರದಿ. ವಾಯುಪಡೆಗೆ ಸಂಬಂಧಿಸಿದ ವಿವರ ಗೋಪ್ಯ ಅಂದರೆ ಅಷ್ಟನ್ನು ಬಿಟ್ಟು ಉಳಿದದ್ದು ಕೊಡಲಿ.

'ಇದೆಲ್ಲ ಹಳ್ಳಿಯವರಿಗೆ ಅರ್ಥ ಆಗುತ್ತಾ?' ಎಂದು ಕೇಳುವವರಿದ್ದಾರೆ. ದೇವನಹಳ್ಳಿಯ ಚನ್ನರಾಯಪಟ್ಟಣದಲ್ಲಿ ಏರೋಸ್ಪೇಸ್ ಪಾರ್ಕ್‌ಗಾಗಿ 1,777 ಎಕರೆ ತೆಗೆದುಕೊಳ್ಳುವುದರ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡಬೇಕಾಯಿತು. ಅವರು ಕೇಳುತ್ತಿದ್ದದ್ದು ಸರಳ ಪ್ರಶ್ನೆ: ಇಷ್ಟು ಜಮೀನು ನಿಮಗೆ ಯಾಕೆ ಬೇಕು, ಲೆಕ್ಕ ಕೊಡಿ. ಎಕರೆಗೆ ಎಷ್ಟು ರಾಗಿ, ಮಳೆ ಕೈಕೊಟ್ಟರೆ ಎಷ್ಟು, ಬೋರ್‌ವೆಲ್ ಬತ್ತಿದರೆ ಎಷ್ಟು ಎಂದು ಪ್ರತಿ ವರ್ಷ ತಲೆಯಲ್ಲೇ ಸಿಮ್ಯುಲೇಷನ್ ಮಾಡುವವರು ಅವರು. ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡನ್ನೂ ಲೆಕ್ಕ ಹಾಕದೆ ಯಾವ ರೈತನೂ ಸಾಲ ತೆಗೆಯುವುದಿಲ್ಲ. ಕೆಟ್ಟ ವರ್ಷವನ್ನು ಚಿತ್ರದಿಂದ ಹೊರಗಿಡುವುದು ನಮ್ಮಂಥ ಓದಿದವರ ಅಭ್ಯಾಸ.

ಆದ್ದರಿಂದ ಮುಂದೆ ಯಾವತ್ತಾದರೂ ನಿಮ್ಮ ಫೋನಿಗೆ ಹೊಳೆಯುವ ತ್ರೀಡಿ ವಿಮಾನ ನಿಲ್ದಾಣ ಬಂದರೆ ಒಂದು ಕೆಲಸ ಮಾಡಿ. ಮೊದಲು ಆಕಾಶ ನೋಡಿ. ಅಲ್ಲಿ ಮಳೆ ಇರುವುದಿಲ್ಲ, ಮಂಜು ಇರುವುದಿಲ್ಲ. ಆಮೇಲೆ ಕ್ಯಾಮೆರಾ ಎಲ್ಲೆಲ್ಲಿ ಹೋಯಿತು, ಎಲ್ಲಿಗೆ ಹೋಗಲಿಲ್ಲ ಎಂದು ನೋಡಿ. ರನ್‌ವೇ ತುದಿಯನ್ನು ಒಮ್ಮೆಯೂ ತೋರಿಸದಿದ್ದರೆ, ಅಲ್ಲಿ ಏನಿದೆ ಎಂದು ಕೇಳಿ.

ನಾನು ತಯಾರಿಸಿದ ವಿಡಿಯೋ ನೋಡಿದ ಸಭೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ತೋರಿಸಲೇಬೇಕಾಗುತ್ತಿತ್ತು. ಆ ಹದಿನಾಲ್ಕು ವಿಮಾನಗಳು ಫೈಲಿನಲ್ಲೇ ಇದ್ದವು.